ಗೆಳೆಯರ ಮನೆ, ದಾರಿಬದಿಯ ಬೆರಗು: ದಂಪತಿ ಕೂಡಿ ಬೆಳಗಾವಿಯಿಂದ ವಿಜಯಪುರಕ್ಕೆ ಹೊರಡುವ ಬಗೆ

ಬೆಳಗಾವಿಯಿಂದ ಹೊರಟು ಗೋಕಾಕ, ಮುಧೋಳ, ಬಾಗಲಕೋಟೆಗಳ ಮೇಲಿಂದ ವಿಜಯಪುರ ಮುಟ್ಟುವ ದಾರಿಯನ್ನು ಬೆಳಿಗ್ಗೆ ಹೊರಟವರು ಸಂಜೆಯೊಳಗೆ ಮುಗಿಸಬಹುದು. ನಾನು ಮತ್ತು ನಮ್ಮ ಯಜಮಾನರು ಮಾತ್ರ ಈ ದಾರಿಗೆ ಯಾವಾಗಲೂ ನಾಲ್ಕು ದಿನ ಇಟ್ಟುಕೊಳ್ಳುತ್ತೇವೆ. ಮೂರು ರಾತ್ರಿ ಮೂರು ಮನೆಗಳಲ್ಲಿ ಉಳಿಯುತ್ತೇವೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ನಡುವೆ ಒಂದೋ ಎರಡೋ ಅಪರೂಪದ ಜಾಗಗಳನ್ನು ಸಾವಕಾಶವಾಗಿ ನೋಡುತ್ತೇವೆ. ಹಾಗೆ ಹೊರಡಬೇಕೆನ್ನುವ ದಂಪತಿಗಳಿಗಾಗಿ ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗೊತ್ತು ಮಾಡಬೇಕಾದದ್ದು ಮನೆಗಳನ್ನು, ನೋಡುವ ಜಾಗಗಳನ್ನಲ್ಲ. ಜಾಗಗಳು ಎಲ್ಲಿಗೂ ಹೋಗುವುದಿಲ್ಲ. ಮನೆಯವರಿಗೆ ಮಾತ್ರ ಶಾಲೆ, ಹೊಲ, ಮಕ್ಕಳ ಪರೀಕ್ಷೆ, ಊರ ಜಾತ್ರೆ ಎಲ್ಲವೂ ಇರುತ್ತವೆ. ನಾಲ್ಕೈದು ದಿನ ಮುಂಚೆ ಫೋನು ಮಾಡಿ ಯಾವ ದಿನ ಬರುತ್ತೇವೆ, ಎಷ್ಟು ಹೊತ್ತಿಗೆ ಮುಟ್ಟುತ್ತೇವೆ, ಊಟಕ್ಕೆ ಇರುತ್ತೇವೆಯೋ ಇಲ್ಲವೋ, ಮರುದಿನ ಎಷ್ಟು ಗಂಟೆಗೆ ಹೊರಡುತ್ತೇವೆ ಎಂಬ ನಾಲ್ಕು ಮಾತುಗಳನ್ನು ಸ್ಪಷ್ಟವಾಗಿ ಹೇಳಬೇಕು. ‘ಬಂದರೆ ಬರ್ತೀವಿ’ ಎಂದು ಹೇಳಿಟ್ಟರೆ ಆ ಮನೆಯ ಹೆಣ್ಣುಮಗಳು ಸಂಜೆಯವರೆಗೆ ರೊಟ್ಟಿ ಹಿಟ್ಟು ಕಲೆಸಬೇಕೋ ಬೇಡವೋ ಎಂದು ಕಾಯುತ್ತ ಕೂಡಬೇಕಾಗುತ್ತದೆ. ಒಂದು ಮನೆಯಲ್ಲಿ ಒಂದೇ ರಾತ್ರಿ ಉಳಿಯುವುದು ಲೇಸೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಎರಡನೆಯ ದಿನ ಅವರು ತಮ್ಮ ಕೆಲಸ ಬಿಟ್ಟು ನಮ್ಮೊಂದಿಗೆ ಕೂಡುತ್ತಾರೆ, ಕೆಲಸ ಬಿಟ್ಟಿದ್ದೇವೆಂದು ಬಾಯಿ ಬಿಟ್ಟು ಹೇಳುವುದೂ ಇಲ್ಲ.

ಕೈಯಲ್ಲಿ ಏನು ಒಯ್ಯಬೇಕೆಂಬುದನ್ನು ದಾರಿಯೇ ಹೇಳಿಕೊಡುತ್ತದೆ. ಬೆಳಗಾವಿಯ ಕುಂದಾ ಹಾಲಿನ ಪದಾರ್ಥವಾದ್ದರಿಂದ ಅದು ಮೊದಲ ಮನೆಗೆ. ಗೋಕಾಕದ ಕರದಂಟು ಬೆಲ್ಲ, ಅಂಟು, ಒಣಹಣ್ಣುಗಳಿಂದ ಮಾಡಿದ್ದು, ಬಹಳ ದಿನ ಕೆಡುವುದಿಲ್ಲವಾದ್ದರಿಂದ ಎರಡನೆಯ ಮತ್ತು ಮೂರನೆಯ ಮನೆಗೆ ಅದನ್ನೇ ಕಟ್ಟಿಸಬೇಕು. ಕೊಲ್ಹಾರದ ಗಡಿಗೆ ಮೊಸರನ್ನು ಕೊಂಡ ದಿನವೇ ಮುಟ್ಟುವ ಮನೆಗೆ ಒಯ್ಯಬೇಕು. ಈ ಮೂರನ್ನು ಅದಲು ಬದಲು ಮಾಡಿದರೆ ಒಂದಾದರೂ ಕೆಟ್ಟುಹೋಗುತ್ತದೆ.

ಇನ್ನು ಹೊತ್ತಿನ ಮಾತು. ಮಳೆಗಾಲದ ನಡುವಿನಿಂದ ದಸರೆಯ ಮೇಲಿನ ಸೀಗಿ ಹುಣ್ಣಿಮೆಯವರೆಗೆ ಗೋಕಾಕದ ಜಲಪಾತ ತುಂಬಿ ಧುಮುಕುತ್ತದೆ; ಆ ಮೇಲೆ ಬಿಸಿಲು ಹಿತವಾಗುತ್ತದೆ, ಆದರೆ ಕಬ್ಬು ನುರಿಸುವ ಹಂಗಾಮು ಶುರುವಾಗುತ್ತದೆ. ಹಂಗಾಮಿನಲ್ಲಿ ಹೊರಡುವವರು ಕತ್ತಲಾದ ಮೇಲೆ ಗಾಡಿ ಓಡಿಸಲೇಬಾರದು. ಒಮ್ಮೆ ಮುಧೋಳದ ಹತ್ತಿರ ಮುಸ್ಸಂಜೆಯಲ್ಲಿ, ಎದುರಿನ ವಾಹನದ ಬೆಳಕಿಗೆ ಕಣ್ಣು ಕೋರೈಸಿದ ಕ್ಷಣದಲ್ಲಿ, ಹಿಂದೆ ದೀಪವಿಲ್ಲದ ಜೋಡಿ ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರ್ ನಮ್ಮ ಮುಂದೆ ಹತ್ತು ಮಾರು ದೂರದಲ್ಲಿ ಕಂಡಿತು. ಯಜಮಾನರು ಬ್ರೇಕ್ ಒತ್ತಿದಾಗ ಹೊರಚಾಚಿದ ಕಬ್ಬಿನ ಗರಿಗಳು ನಮ್ಮ ಗಾಜಿಗೆ ಸವರಿದವು. ಅಂದಿನಿಂದ ಐದೂವರೆಗೆ ಎಲ್ಲಿದ್ದರೂ ಮನೆಯ ದಾರಿ ಹಿಡಿಯುತ್ತೇವೆ, ನೋಡುವುದು ಉಳಿದರೆ ಉಳಿಯಲಿ ಎನ್ನುತ್ತೇವೆ.

ಬೆಳಗಾವಿಯಲ್ಲಿ ಹೊರಡುವ ಮುನ್ನ ನೋಡಬೇಕಾದದ್ದು ಟಿಳಕವಾಡಿಯ ಕಾಂಗ್ರೆಸ್ ಬಾವಿ. 1924ರಲ್ಲಿ ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ಇಲ್ಲಿ, ಬಂದ ಜನರಿಗೆ ನೀರು ಬೇಕೆಂದು ತೋಡಿದ ಬಾವಿ ಇದು. ದೊಡ್ಡ ಸಭೆಯ ನೆನಪಿಗೆ ಕಂಬ, ಕಮಾನು ನಿಲ್ಲುವುದನ್ನು ಎಲ್ಲ ಊರಲ್ಲಿ ನೋಡಬಹುದು. ಬಾವಿ ಉಳಿದಿರುವುದು ಅಪರೂಪ. ಕೋಟೆ ಕೆರೆಯ ದಂಡೆಯ ಮೇಲಿನ 110 ಮೀಟರ್ ಎತ್ತರದ ಧ್ವಜಸ್ತಂಭವನ್ನು ಗಾಡಿಯಲ್ಲಿ ಕುಳಿತೇ ನೋಡಿ ಮುಂದೆ ಸಾಗಬಹುದು.

ಗೋಕಾಕದಲ್ಲಿ ಘಟಪ್ರಭಾ ನದಿ 52 ಮೀಟರ್ ಆಳಕ್ಕೆ ಕುದುರೆ ಲಾಳದ ಆಕಾರದಲ್ಲಿ ಬೀಳುತ್ತದೆ. ಎಲ್ಲರೂ ನೀರಿನ ಫೋಟೋ ತೆಗೆಯುತ್ತಾರೆ, ಆದರೆ ನನ್ನ ಕಣ್ಣು ಹೋಗುವುದು ನದಿಯ ಮೇಲಿನ ತೂಗುಸೇತುವೆಯ ಕಡೆಗೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಹತ್ತಿಯ ಗಿರಣಿ ಎದ್ದಿತು, ಬೀಳುವ ನೀರಿನಿಂದಲೇ ಅದಕ್ಕೆ ಬೇಕಾದ ವಿದ್ಯುತ್ತು ಹುಟ್ಟಿತು. ಹೊಳೆ ತುಂಬಿದಾಗ ಸೇತುವೆಯ ಕಡೆ ಬಿಡದಿದ್ದರೆ ಕಾವಲಿನವರೊಂದಿಗೆ ವಾದ ಮಾಡಬೇಡಿರಿ. ಬಂಡೆಯ ತುದಿಗೆ ಹೋಗಿ ನಿಲ್ಲುವುದು ಯಾವ ಕಾಲದಲ್ಲಿಯೂ ಬೇಡ.

ಮರುದಿನ ಮುಧೋಳ. ಊರ ಹತ್ತಿರದ ತಿಮ್ಮಾಪುರದಲ್ಲಿ ಮುಧೋಳ ನಾಯಿಗಳ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಕಾಣಿಸಿಕೊಂಡ, ಆ ಮೇಲೆ ಸೇನೆಗೂ ಸೇರಿದ ತಳಿ ಇದು. ಮುಂಚೆಯೇ ಕೇಳಿಕೊಂಡು ಹೋಗಿರಿ, ಒಳಗಿನವರು ಹೇಳುವವರೆಗೆ ಕೈ ಚಾಚಬೇಡಿರಿ. ಈ ನಾಯಿ ಅಪರಿಚಿತರು ಮುಟ್ಟುವುದನ್ನು ಒಪ್ಪುವುದಿಲ್ಲ.

ಬಾಗಲಕೋಟೆಯಲ್ಲಿ ಗೆಳೆಯರ ಮನೆ ನವನಗರದಲ್ಲಿದ್ದರೆ ಸೆಕ್ಟರ್ ನಂಬರನ್ನು ಮೊದಲೇ ಬರೆದುಕೊಳ್ಳಬೇಕು, ಏಕೆಂದರೆ ಅಲ್ಲಿ ಓಣಿಯ ಹೆಸರು ಕೇಳಿದರೆ ಯಾರೂ ಹೇಳಲಾರರು. ಆತಿಥೇಯರನ್ನು ಊರು ಸುತ್ತಲು ಎಳೆದುಕೊಂಡು ಹೋಗಬಾರದೆಂದು ನಾನು ಯಾವಾಗಲೂ ಹೇಳುತ್ತೇನಾದರೂ ಈ ಊರಿನಲ್ಲಿ ಆ ಮಾತನ್ನು ಸಡಿಲಿಸುತ್ತೇನೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ತಗ್ಗಿನ ಭಾಗ ಬಿಟ್ಟುಕೊಟ್ಟು ಜನ ನವನಗರಕ್ಕೆ ಬಂದರು. ‘ಮುಳುಗಡೆ’ ಎಂಬ ಒಂದೇ ಶಬ್ದದಲ್ಲಿ ಅವರು ಅದನ್ನೆಲ್ಲ ಹೇಳಿ ಮುಗಿಸುತ್ತಾರೆ. ನಿಮ್ಮ ಗೆಳೆಯರ ಮನೆತನ ಹಾಗೆ ಬಂದದ್ದಾಗಿದ್ದರೆ, ಅವರಿಗೆ ಮನಸ್ಸಿದ್ದರೆ, ಸಂಜೆ ಹಿನ್ನೀರಿನ ದಂಡೆಗೆ ಕರೆದೊಯ್ಯಿರೆಂದು ಕೇಳಬಹುದು. ನನ್ನ ಗೆಳತಿ ಒಂದು ಸಲ ಅಲ್ಲಿ ನಿಂತು, ಬೇವಿನ ಗಿಡವೊಂದರ ಗುರುತು ಹಿಡಿದು, ನೀರಿನ ಕಡೆ ಬೆರಳು ತೋರಿಸಿ ‘ಅಲ್ಲೇ ನೋಡವಾ, ನಮ್ಮ ಅಡಿಗಿ ಮನಿ’ ಎಂದಳು. ಆ ಬೆರಳಿನ ತುದಿಯಲ್ಲಿ ನನಗೆ ಕಂಡದ್ದು ನೀರು ಮಾತ್ರ. ಆಕೆಗೆ ಒಲೆ, ಗಡಿಗೆ ಸಾಲು, ಕಿಟಕಿ ಎಲ್ಲವೂ ಕಾಣುತ್ತಿದ್ದವು. ಅಂಥಲ್ಲಿ ಫೋಟೋ ತೆಗೆಯದೆ ಸುಮ್ಮನೆ ನಿಲ್ಲುವುದೇ ಮರ್ಯಾದೆ.

ನಮ್ಮ ಭಾಗದಲ್ಲಿ ಮನೆಯಿಂದ ಹೊರಬೀಳುವುದಕ್ಕೆ ಒಂದು ತಾಸು ಬೇಕೆಂಬುದನ್ನು ಲೆಕ್ಕಕ್ಕೆ ಹಿಡಿಯದವರು ಮುಂದಿನ ಊರಿಗೆ ತಡವಾಗಿಯೇ ಮುಟ್ಟುತ್ತಾರೆ. ಬ್ಯಾಗು ಹಿಡಿದು ಎದ್ದ ಮೇಲೆ ಇನ್ನೊಂದು ಚಹಾ ಬರುತ್ತದೆ. ಆ ಮೇಲೆ ಗಂಡ ಹೆಂಡತಿ ಇಬ್ಬರನ್ನೂ ಜೋಡಿಯಾಗಿ ಕೂಡ್ರಿಸುತ್ತಾರೆ. ಅರಿಶಿನ ಕುಂಕುಮ ಹಚ್ಚಿ, ಗುಳೇದಗುಡ್ಡದ ಖಣ, ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅಡಿಕೆ, ಅರಿಶಿನದ ಬೇರು ಹಾಕಿ ಉಡಿ ತುಂಬುತ್ತಾರೆ, ಗಂಡಸರಿಗೆ ಟವೆಲ್ಲೋ ಶರ್ಟ್ ಪೀಸೋ ಆಹೇರಿ ಮಾಡುತ್ತಾರೆ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ತೆಗೆದುಕೊಳ್ಳಬೇಕು, ‘ಯಾಕ ಬೇಕಿತ್ತರಿ ಇದೆಲ್ಲಾ’ ಎಂದು ಒಮ್ಮೆ ಅನ್ನಬಹುದೇ ಹೊರತು ಹಿಂದಕ್ಕೆ ಸರಿಸಬಾರದು. ಉಡಿಯ ಅಕ್ಕಿ ಕಾಯಿ ಇಡಲು ಒಂದು ಬಟ್ಟೆಯ ಚೀಲವನ್ನು ಮನೆಯಿಂದಲೇ ಒಯ್ದಿರಿ. ಹೊರಡುವಾಗ ‘ಹೋಗ್ತೀವಿ’ ಎನ್ನದೆ ‘ಹೋಗಿ ಬರ್ತೀವ್ರಿ’ ಎನ್ನಬೇಕೆಂಬುದನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹೊರನಾಡಿನಲ್ಲಿ ಬೆಳೆದ ಮಕ್ಕಳಿಗೆ ಹೇಳಿಕೊಡಬೇಕು.

ಬಾಗಲಕೋಟೆಯಿಂದ ವಿಜಯಪುರದ ಹಾದಿಯಲ್ಲಿ ಕೃಷ್ಣೆಯನ್ನು ದಾಟಿದರೆ ಕೊಲ್ಹಾರ. ಅಲ್ಲಿ ಮೊಸರನ್ನು ಪುಟ್ಟ ಮಣ್ಣಿನ ಗಡಿಗೆಗಳಲ್ಲಿ ಹೆಪ್ಪು ಹಾಕಿ ಮಾರುತ್ತಾರೆ. ಗಡಿಗೆಯ ಬಾಯಿಗೆ ಕೆನೆ ಎಷ್ಟು ದಪ್ಪ ಕಟ್ಟಿರುತ್ತದೆಂದರೆ ಬೆರಳು ಇಟ್ಟರೆ ಮೊದಲು ತಡೆಯುತ್ತದೆ, ಆ ಮೇಲೆ ಇಳಿಯುತ್ತದೆ. ಹಿಂದಿನ ಮನೆಯವರು ಕಟ್ಟಿಕೊಟ್ಟ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿಯನ್ನು ಅಲ್ಲಿಯೇ ಗಿಡದ ನೆರಳಿಗೆ ಕೂತು ಬಿಚ್ಚುವುದು ನಮ್ಮ ರೂಢಿ. ಬುತ್ತಿ ಇರುವಾಗ ಡಾಬಾ ಹುಡುಕಬೇಡಿರಿ.

ವಿಜಯಪುರದಲ್ಲಿ ಗೋಳಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಬೇಕು. ಶಾಲಾ ಮಕ್ಕಳ ಬಸ್ಸುಗಳು ಬಂದ ಮೇಲೆ ಮೇಲೆಲ್ಲ ಕೂಗಾಟ, ಅಲ್ಲಿಯ ನಿಜವಾದ ಬೆರಗು ಕೇಳಿಸುವುದೇ ಇಲ್ಲ. ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏಳು ಅಂತಸ್ತು ಹತ್ತಬೇಕು. ಪ್ರತಿ ಅಂತಸ್ತಿನ ಕಿಂಡಿಯ ಬಳಿ ನಿಂತು ದಣಿವಾರಿಸಿಕೊಳ್ಳಿರಿ, ಮುಂದೆ ಹೋದವರು ಹಿಂದಿದ್ದವರಿಗಾಗಿ ಕಾಯಲಿ. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಇಬ್ಬರೂ ಎದುರುಬದುರು ಗೋಡೆಗೆ ಕಿವಿ ಹಚ್ಚಿ ಕೂಡಬೇಕು. ಮೊದಲ ಸಲ ನಾವು ಹಾಗೆ ಕೂತಾಗ ಆಚೆ ದಂಡೆಯಲ್ಲಿ ಯಜಮಾನರು ಅಂಗೈಯಷ್ಟು ಸಣ್ಣಗೆ ಕಾಣುತ್ತಿದ್ದರು, ಅವರ ದನಿ ಮಾತ್ರ ನನ್ನ ಕಿವಿಯ ಪಕ್ಕದಲ್ಲಿಯೇ ಕೇಳಿತು: ‘ಮೊಣಕಾಲು ನೋಯಾಕತ್ತಾವೇನು?’ ಮನೆಯಲ್ಲಿ ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅಲ್ಲಿ ಹೋದವರು ಚಪ್ಪಾಳೆ ತಟ್ಟುವ ಮೊದಲು ಒಬ್ಬರಿಗೊಬ್ಬರು ಒಂದು ಮಾತು ಹೇಳಿಕೊಳ್ಳಲೇಬೇಕು.

ಇನ್ನು ತೋಪುಗಳು. ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದರು. ಅದರ ತೂಕ ಸುಮಾರು 55 ಟನ್, ಬಾಯಿ ಸಿಂಹದ ಮುಖ, ಆ ಸಿಂಹದ ಹಲ್ಲಿನ ನಡುವೆ ಆನೆ ಸಿಕ್ಕಿಕೊಂಡಿದೆ. ಆ ಆನೆಯನ್ನು ಹತ್ತಿರ ಹೋಗಿ ಹುಡುಕಿ ನೋಡಿರಿ, ದೂರದಿಂದ ತಿಳಿಯುವುದಿಲ್ಲ. 1854ರಲ್ಲಿ ಇದನ್ನು ಹರಾಜಿಗೆ ಹಾಕಿದಾಗ ಬಂದ ಬೆಲೆ ಬರೀ 150 ರೂಪಾಯಿ, ಕೊನೆಗೆ ಆ ಮಾರಾಟ ರದ್ದಾದ್ದರಿಂದ ಅದು ಇನ್ನೂ ವಿಜಯಪುರದಲ್ಲಿಯೇ ಇದೆ. ಅಲ್ಲಿಂದ ಹತ್ತಿರದಲ್ಲಿಯೇ ಇರುವ ಉಪ್ಲಿ ಬುರುಜನ್ನು ಹೈದರ್ ಖಾನ್ 1584ರಲ್ಲಿ ಕಟ್ಟಿಸಿದ. ಎಂಬತ್ತು ಅಡಿಯಷ್ಟು ಎತ್ತರದ ಆ ಬುರುಜಿಗೆ ಮೆಟ್ಟಿಲುಗಳು ಹೊರಗಿನಿಂದ ಬಳ್ಳಿಯಂತೆ ಸುತ್ತಿಕೊಂಡು ಏರುತ್ತವೆ, ಮೇಲೆ ಮೂವತ್ತು ಅಡಿ ಉದ್ದದ ತೋಪು ಮಲಗಿದೆ. ಅಲ್ಲಿಂದ ಇಡೀ ಊರು ಕಾಣುತ್ತದಾದ್ದರಿಂದ ಸಂಜೆಯ ಮೊದಲ ತಂಪಿನಲ್ಲಿ ಹತ್ತಬೇಕು. ತಲೆ ತಿರುಗುವವರು ಕೆಳಗೇ ಉಳಿಯಲಿ, ಅದಕ್ಕೆ ಇನ್ನೊಬ್ಬರು ಬೇಸರ ಮಾಡಿಕೊಳ್ಳಬಾರದು. ಕಟ್ಟುವುದು ಅರ್ಧಕ್ಕೇ ನಿಂತ ಆದಿಲಶಾಹಿ ಗೋರಿಯಾದ ಬಾರಾ ಕಮಾನನ್ನು ನಾಲ್ಕನೆಯ ದಿನದ ಬೆಳಗಿಗೆ ಉಳಿಸಿಕೊಳ್ಳಿರಿ.

ಮನೆ ಮುಟ್ಟಿದ ರಾತ್ರಿಯೇ ಮೂರೂ ಮನೆಗಳಿಗೆ ‘ಮುಟ್ಟಿದಿವ್ರಿ’ ಎಂದು ಫೋನು ಮಾಡಬೇಕು; ಅದು ಬರುವವರೆಗೆ ಅವರು ಮಲಗಿರುವುದಿಲ್ಲ. ಬುತ್ತಿ ಕಟ್ಟಿಕೊಟ್ಟ ಸ್ಟೀಲ್ ಡಬ್ಬಿಗಳನ್ನು ತೊಳೆದು, ಯಾವುದು ಯಾರ ಮನೆಯದೆಂದು ಚೀಟಿ ಹಚ್ಚಿ ಇಟ್ಟುಕೊಳ್ಳಿರಿ. ಡಬ್ಬಿಯನ್ನು ಬರಿದಾಗಿ ಮರಳಿಸುವ ಪದ್ಧತಿ ನಮ್ಮಲ್ಲಿಲ್ಲ. ಬಾಗಲಕೋಟೆಯ ಗೆಳತಿಯ ಡಬ್ಬಿ ಈಗ ನಮ್ಮ ಕಪಾಟಿನಲ್ಲಿದೆ, ಮುಂದಿನ ವಾರ ಆ ಕಡೆ ಹೋಗುವವರ ಕೈಯಲ್ಲಿ ಶೇಂಗಾ ಉಂಡಿ ತುಂಬಿ ಕಳಿಸುವವಳಿದ್ದೇನೆ.