ತಾವೋ ಉತ್ಸವದ ನೇಪಥ್ಯದಲ್ಲಿ ಚೀನೀ ಒಪೆರಾ ಕಲಾವಿದರ ಛಾಯಾಗ್ರಹಣ

ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ ಒಂಬತ್ತು ದಿನ ಸಿಂಗಪುರ, ಮಲೇಷ್ಯಾ ಮತ್ತು ಥಾಯ್ಲೆಂಡ್‌ಗಳಲ್ಲಿ ಚೀನೀಯರ ತಾವೋ ಧರ್ಮದ ಒಂಬತ್ತು ಚಕ್ರವರ್ತಿ ದೇವತೆಗಳ ಉತ್ಸವ ನಡೆಯುತ್ತದೆ. ಆಗ ಅನೇಕ ಕಡೆ ಚೀನೀ ಒಪೆರಾ, ಅಂದರೆ ಹಾಡು ಅಭಿನಯಗಳ ರಂಗನಾಟಕ, ಆಡುತ್ತಾರೆ. ಸಿಂಗಪುರದ ಹೌಗಾಂಗ್‌ನಲ್ಲಿ 1921ರಲ್ಲಿ ಕಟ್ಟಿದ ತೌ ಮು ಕುಂಗ್ ದೇವಾಲಯದ ಎದುರಿಗೆ ಒಪೆರಾಕ್ಕೆಂದೇ ಶಾಶ್ವತ ರಂಗಮಂಟಪವಿದೆ. ಉಳಿದ ಅನೇಕ ಕಡೆ ಹಲಗೆ ಮತ್ತು ಕಂಬಗಳ ತಾತ್ಕಾಲಿಕ ರಂಗವೇ ಗತಿ. ಆಟ ಮೊದಲು ದೇವರಿಗೆ, ಆಮೇಲೆ ಪ್ರೇಕ್ಷಕರಿಗೆ. ಯಕ್ಷಗಾನದ ಚೌಕಿಯಲ್ಲಿ ಗಣಪತಿಯನ್ನು ಇಟ್ಟು ಪೂಜಿಸುವಂತೆ ಇಲ್ಲಿಯೂ ರಂಗದ ಹಿಂದೆ ತಂಡದ ಆರಾಧ್ಯ ದೇವತೆಗೆ ಪುಟ್ಟ ಪೀಠವಿರುತ್ತದೆ. ಅದರ ಎದುರು ಅಡ್ಡ ನಿಲ್ಲಬಾರದು, ಅದರ ಮೇಲೆ ಕ್ಯಾಮೆರಾ ಚೀಲ ಇಡಬಾರದು.

ಅನುಮತಿಯನ್ನು ತಂಡದ ಮುಖ್ಯಸ್ಥರಿಂದಲೇ ಪಡೆಯಬೇಕು. ದೇವಾಲಯದ ಸಮಿತಿ ಒಪ್ಪಿತೆಂದರೆ ಕಲಾವಿದರು ಒಪ್ಪಿದಂತಲ್ಲ. ಉತ್ಸವದ ದಿನಗಳಲ್ಲಿ ಭಕ್ತರು ಬಿಳಿ ಉಡುಪು ಧರಿಸಿ ಸಸ್ಯಾಹಾರ ಪಾಲಿಸುವುದರಿಂದ, ಆವರಣಕ್ಕೆ ಮಾಂಸಾಹಾರದ ಪೊಟ್ಟಣ ಒಯ್ಯದೆ, ಸಾದಾ ಬಟ್ಟೆಯಲ್ಲಿ ಹೋಗುವುದು ಲೇಸು.

ಪ್ರದರ್ಶನಕ್ಕೆ ಸುಮಾರು ಎರಡು ಗಂಟೆ ಮೊದಲೇ ಅಲ್ಲಿರಬೇಕು. ವೇಷ ಪೂರ್ತಿಯಾದ ಮೇಲೆ ಸಿಗುವ ಚಿತ್ರ ರಂಗದ ಮುಂದೆ ಕುಳಿತವರಿಗೂ ಸಿಗುತ್ತದೆ. ಅರ್ಧ ಬರೆದ ಮುಖ ನೇಪಥ್ಯದಲ್ಲಿ ಮಾತ್ರ. ಸ್ತ್ರೀವೇಷಕ್ಕೆ ಮೊದಲು ಬಿಳಿಯ ಲೇಪ, ಬಳಿಕ ಕಣ್ಣಿನಿಂದ ಕೆನ್ನೆಗೆ ಇಳಿಯುವ ಕೆಂಪು, ಆಮೇಲೆ ಹುಬ್ಬು ಮತ್ತು ಕಣ್ಣಿನ ಕಪ್ಪು. ಅನಂತರ ಹಣೆಗೆ ಪಟ್ಟಿಯನ್ನು ಬಿಗಿದು ಕಟ್ಟುತ್ತಾರೆ. ಬಿಗಿಯುತ್ತಿದ್ದಂತೆ ಕಣ್ಣಿನ ಕೊನೆಗಳು ಮೇಲಕ್ಕೇರಿ, ಕನ್ನಡಿಯೆದುರಿನ ದಣಿದ ಹೆಂಗಸು ನೋಡನೋಡುತ್ತ ರಾಜಕುಮಾರಿಯಾಗುತ್ತಾಳೆ. ಆ ಕೆಲವು ಕ್ಷಣಗಳನ್ನು ತಪ್ಪಿಸಿಕೊಳ್ಳಬಾರದು.

ಅಲ್ಲಿನ ಬೆಳಕು ಕೆಟ್ಟದ್ದು. ಟ್ಯೂಬ್‌ಲೈಟ್, ಕನ್ನಡಿಯ ಬಲ್ಬ್ ಮತ್ತು ಹೊರಗಿನ ಸಂಜೆಬೆಳಕು ಒಂದೇ ಮುಖದ ಮೇಲೆ ಮೂರು ಬಣ್ಣಗಳಾಗಿ ಬೀಳುವುದರಿಂದ, ಬಣ್ಣವನ್ನು ಆಮೇಲೆ ಸರಿಪಡಿಸಲು ಅನುವಾಗುವಂತೆ ರಾ (ಸಂಸ್ಕರಿಸದ) ಕಡತದಲ್ಲೇ ಚಿತ್ರ ತೆಗೆಯಿರಿ. ಈ ದೇಶಗಳ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಶಟರ್ ವೇಗವನ್ನು 1/100 ಸೆಕೆಂಡಿಗೆ ಇಟ್ಟರೆ ಟ್ಯೂಬ್‌ಲೈಟಿನ ಮಿಣುಕು ಪಟ್ಟೆಗಳಾಗಿ ಕಾಣುವುದು ಕಡಿಮೆಯಾಗುತ್ತದೆ. ಎಫ್/1.8ರ 35 ಅಥವಾ 50 ಮಿ.ಮೀ. ಲೆನ್ಸ್ ಮತ್ತು 1600ರಿಂದ 3200ರ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಬಹುತೇಕ ಸಾಕು. ಫ್ಲಾಷ್ ಬೇಡ: ಎಣ್ಣೆಬಣ್ಣದ ಮೇಲೆ ಅದು ಹೊಳಪಿನ ಕಲೆಗಳನ್ನು ಮೂಡಿಸುತ್ತದೆ, ರೆಪ್ಪೆಗೆ ಕಪ್ಪು ಎಳೆಯುತ್ತಿರುವವರ ಕೈಯನ್ನೂ ಬೆದರಿಸುತ್ತದೆ.

ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರನ್ನು ಪೂರ್ತಿ ನಂಬುವಂತಿಲ್ಲ. ಬಿಳಿ ಮುಖ ಚೌಕಟ್ಟನ್ನು ತುಂಬಿದರೆ ಕ್ಯಾಮೆರಾ ಅದನ್ನು ಬೂದಿಬಣ್ಣಕ್ಕೆ ಇಳಿಸುತ್ತದೆ, ಆಗ ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕು) ಹೆಚ್ಚಿಸಬೇಕು. ಅದೇ ಮುಖ ಕತ್ತಲೆಯ ನಡುವೆ ಚಿಕ್ಕದಾಗಿದ್ದರೆ ಬೆಳ್ಳಗೆ ಸುಟ್ಟುಹೋಗುತ್ತದೆ, ಆಗ ತಗ್ಗಿಸಬೇಕು. ಕನ್ನಡಿಯ ಬಿಂಬವನ್ನು ತೆಗೆಯುವಾಗ ಫೋಕಸ್ ಕನ್ನಡಿಯ ಚೌಕಟ್ಟಿನ ಅಂಚಿಗೆ ಅಂಟಿಕೊಳ್ಳದಂತೆ ಫೋಕಸ್ ಬಿಂದುವನ್ನು ನೇರವಾಗಿ ಬಿಂಬದ ಕಣ್ಣಿನ ಮೇಲಿಡಿ. ನೀವೇ ಕನ್ನಡಿಯಲ್ಲಿ ಕಾಣದಂತೆ ತುಸು ಓರೆಯಾಗಿ ನಿಲ್ಲಿ.

ವೇಷಭೂಷಣದ ಪೆಟ್ಟಿಗೆಗಳ ಮೇಲೆ ಕೇಳದೆ ಕೂರಬೇಡಿ. ಬಟ್ಟೆ ಬದಲಿಸುವ ಹೊತ್ತಿನಲ್ಲಿ ಕ್ಯಾಮೆರಾ ಕೆಳಗಿರಲಿ. ತಾಳವಾದ್ಯಗಳು ಮೊಳಗಿದ ಕೂಡಲೇ ರಂಗಪ್ರವೇಶದ ದಾರಿಯನ್ನು ಬಿಟ್ಟು ಗೋಡೆಗೆ ಒರಗಿ ನಿಲ್ಲಬೇಕು, ಏಕೆಂದರೆ ಉದ್ದ ಗರಿಗಳ ಕಿರೀಟ ಮತ್ತು ಬೆನ್ನಿಗೆ ಬಾವುಟಗಳನ್ನು ಕಟ್ಟಿಕೊಂಡ ಸೇನಾನಿಗೆ ಪಕ್ಕಕ್ಕೆ ಸರಿಯಲು ಜಾಗವೇ ಇರುವುದಿಲ್ಲ. ಉತ್ಸವ ಮುಗಿಯುವ ಮೊದಲೇ ಕೆಲವು ಚಿತ್ರಗಳ ಮುದ್ರಿತ ಪ್ರತಿಗಳನ್ನು ತಂಡಕ್ಕೆ ತಲುಪಿಸಿ. ಅವರು ಮುಂದಿನ ಊರಿಗೆ ಹೊರಟರೆ ಹುಡುಕುವುದು ಕಷ್ಟ.