ಹೊಳೆ ಎಡಗೈಗಿರಲಿ: ಶ್ರೀರಂಗಪಟ್ಟಣಕ್ಕೊಂದು ಸೈಕಲ್ ಪ್ರದಕ್ಷಿಣೆ

ಕಾರಿನಲ್ಲಿ ಶ್ರೀರಂಗಪಟ್ಟಣಕ್ಕೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ದೇವಸ್ಥಾನ, ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್, ಅವನ ಸಮಾಧಿಯಿರುವ ಗುಂಬಜ್, ಸಂಗಮ, ಊಟ, ವಾಪಸ್. ಅದು ದ್ವೀಪ ಅಂತ ಶಾಲೆಯಲ್ಲೇ ಓದಿದ್ದೆ. ಆದರೆ ಕಾವೇರಿ ಊರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಾಳೆ ಅನ್ನುವುದು ಗೊತ್ತಾದದ್ದು ಹನ್ನೊಂದು ವರ್ಷದ ಮಗಳ ಜೊತೆ ಸೈಕಲ್ ತುಳಿದಾಗ.

ಮೊದಲ ಸಲ ಉಲ್ಟಾ ಸುತ್ತಿದೆವು. ನೋಡಬೇಕಾದ ಪ್ರತಿ ಜಾಗಕ್ಕೂ ಬಲಕ್ಕೆ ತಿರುಗಬೇಕು, ಎದುರಿನಿಂದ ಬರುವ ಟೆಂಪೊ, ಕಬ್ಬಿನ ಟ್ರ್ಯಾಕ್ಟರ್‌ಗಳ ನಡುವೆ ನುಗ್ಗಬೇಕು. ಮಗಳು ಹೆದರಿದಳು, ನನಗೂ ಜೀವ ಕೈಲಿತ್ತು. ಎರಡನೇ ಸಲ ಪ್ರದಕ್ಷಿಣೆಯ ದಿಕ್ಕಿನಲ್ಲೇ ಹೊರಟೆವು. ಊರೂ ರಂಗನಾಥನೂ ಬಲಕ್ಕೆ, ಹೊಳೆ ಎಡಕ್ಕೆ. ನಮ್ಮಲ್ಲಿ ವಾಹನ ಎಡಗಡೆ ಓಡುವುದರಿಂದ ಹೊಳೆಯ ಕಡೆ ಇಳಿಯಲು ರಸ್ತೆ ದಾಟುವ ಪ್ರಮೇಯವೇ ಇಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನಾನು ಮೊದಲು ಹೇಳುವುದೇ ಇದನ್ನು.

ಬೆಳಿಗ್ಗೆ ಆರೂವರೆಗೆ ದೇವಸ್ಥಾನದ ಹತ್ತಿರ ಕಾರು ನಿಲ್ಲಿಸಿ ಸೈಕಲ್ ಇಳಿಸಿಕೊಂಡೆವು. ಚಳಿಗೆ ಮಗಳ ಬೆರಳು ಬ್ರೇಕಿನ ಮೇಲೆ ನಿಲ್ಲುತ್ತಿರಲಿಲ್ಲ. ಮೊದಲು ಕೋಟೆಯ ಉತ್ತರದ ಗೋಡೆ. ಇಂಗ್ಲಿಷ್ ಸೇನಾಧಿಕಾರಿ ಕರ್ನಲ್ ಬೇಲಿಯ ಹೆಸರಿನ ಸೆರೆಮನೆಯ ಹತ್ತಿರ ಇಳಿದು ನೋಡಿದರೆ ಗೋಡೆಯ ಆಚೆಗೇ ಹೊಳೆ. ಬೇಸಿಗೆಯಲ್ಲಿ ಇಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು. 1799ರಲ್ಲಿ ಇಂಗ್ಲಿಷರ ಸೈನ್ಯಕ್ಕಿದ್ದ ಆತುರ ಇಲ್ಲಿ ನಿಂತರೆ ಅರ್ಥವಾಗುತ್ತದೆ. ಮಳೆ ಹಿಡಿದು ಹೊಳೆ ತುಂಬಿದರೆ ಕೋಟೆ ಕೈಗೆ ಸಿಗುತ್ತಿರಲಿಲ್ಲ. ಮೇ 4ರ ಮಧ್ಯಾಹ್ನ ಅವರು ಬಂಡೆಗಳ ನಡುವೆ ನಡೆದೇ ಹೊಳೆ ದಾಟಿದರು. ಟಿಪ್ಪು ಬಿದ್ದ ಜಾಗ ಇಲ್ಲಿಂದ ಕೆಲವೇ ತುಳಿತ. ಮಗಳು ಅಲ್ಲಿನ ಕಲ್ಲಿನ ಮುಂದೆ ಬಹಳ ಹೊತ್ತು ನಿಂತಿದ್ದಳು. ನಾನು ಏನೂ ಹೇಳಲಿಲ್ಲ.

ಜಾಮಿಯಾ ಮಸೀದಿಯ ಎರಡು ಮಿನಾರುಗಳನ್ನು ದಾಟಿ ಕೋಟೆಯಿಂದ ಹೊರಬಂದರೆ ಹಳೇ ಬೆಂಗಳೂರು–ಮೈಸೂರು ರಸ್ತೆ. ಇಡೀ ಸುತ್ತಿನಲ್ಲಿ ನಿಜವಾದ ಅಪಾಯ ಇದೊಂದೇ ಕಡೆ. ತುಳಿದು ದಾಟಬೇಡಿ, ಇಳಿದು ತಳ್ಳಿಕೊಂಡು ಹೋಗಿ.

ವೆಲ್ಲೆಸ್ಲಿ ಸೇತುವೆಯ ಹತ್ತಿರ ಅರ್ಧ ಗಂಟೆ ಕೂತೆವು. 1804ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ್ದು. ಕಮಾನಿಲ್ಲ, ಬರೀ ಕಲ್ಲುಕಂಬ, ಅದರ ಮೇಲೆ ಕಲ್ಲುತೊಲೆ. ಎರಡು ಶತಮಾನದಿಂದ ಎಷ್ಟು ಪ್ರವಾಹ ನೋಡಿದೆಯೋ! ದೂರದಲ್ಲಿ ಕರಿಘಟ್ಟ ಮಂಜಿನಿಂದ ಎದ್ದು ಬರುತ್ತಿತ್ತು.

ದರಿಯಾ ದೌಲತ್ತಿನಲ್ಲಿ ಪಶ್ಚಿಮದ ಗೋಡೆಯ ಚಿತ್ರಕ್ಕೆಂದೇ ಸಮಯ ಇಟ್ಟುಕೊಳ್ಳಿ. ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧ ಅದು. ನಡುವೆ ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಲಿ ಬೆರಳು ಕಚ್ಚುತ್ತಿದ್ದಾನೆ, ಮದ್ದಿನ ಬಂಡಿ ಸಿಡಿಯುತ್ತಿದೆ. ಅದೇ ಯುದ್ಧದಲ್ಲಿ ಸೆರೆಸಿಕ್ಕಿ ಈ ಊರಿನಲ್ಲಿ ಕೈದಿಯಾಗಿದ್ದ ಇಂಗ್ಲಿಷ್ ಅಧಿಕಾರಿ ಡೇವಿಡ್ ಬೇರ್ಡ್, 1799ರಲ್ಲಿ ಕೋಟೆಗೆ ನುಗ್ಗಿದ ದಂಡಿನ ಮುಂದಾಳು. ಆಗತಾನೇ ಕೋಟೆ ಸುತ್ತಿ ಬಂದಿದ್ದ ಮಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಗಂಜಾಂ ದಾರಿಯಲ್ಲಿ ಅವಳ ಹಿಂದಿನ ಚಕ್ರ ಕೂತುಬಿಟ್ಟಿತು. ಬೇರೆ ಟ್ಯೂಬ್ ಹಾಕಿ ಗಾಳಿ ತುಂಬಿದೆ. ನೂರು ಮಾರು ಹೋಗಿಲ್ಲ, ಮತ್ತೆ ಪುಸ್. ತಳ್ಳಿಕೊಂಡು ಹೋಗಿ ಒಂದು ಪಂಚರ್ ಅಂಗಡಿ ಹಿಡಿದೆವು. ಅಲ್ಲಿದ್ದ ಹಿರಿಯರು, "ಟ್ಯೂಬ್ ಆಮೇಲೆ ನೋಡವ, ಮೊದ್ಲು ಟೈರ್ ಒಳ್ಗೆ ಮುಳ್ಳೈತಾ ನೋಡಿ ಸಾ" ಅಂದರು. ಬೆರಳಾಡಿಸಿದರೆ ಚುಚ್ಚಿಕೊಳ್ಳುತ್ತದೆ ಅಂತ ಒಂದು ಹಳೇ ಬಟ್ಟೆಯ ಚೂರನ್ನು ಟೈರಿನ ಒಳಗೆ ಸುತ್ತಲೂ ಎಳೆದರು. ಒಂದು ಕಡೆ ಎಳೆ ಸಿಕ್ಕಿಕೊಂಡಿತು. ಅಲ್ಲೇ ಅಕ್ಕಿಕಾಳಿಗಿಂತ ಚಿಕ್ಕದೊಂದು ಜಾಲಿಮುಳ್ಳಿನ ತುದಿ. ಹೊರಗಿನಿಂದ ಕಾಣುತ್ತಲೇ ಇರಲಿಲ್ಲ. ಇಕ್ಕಳದಲ್ಲಿ ಕಿತ್ತು ಮಗಳ ಅಂಗೈಗೆ ಇಟ್ಟು, "ಇಟ್ಕೊ ಕೂಸೆ" ಅಂದರು. ಅಂದಿನಿಂದ ನನ್ನ ಪಂಚರ್ ಚೀಲದಲ್ಲಿ ಒಂದು ಬಟ್ಟೆ ಚೂರು ಕಾಯಂ.

ನಿಮಿಷಾಂಬ ದೇವಸ್ಥಾನಕ್ಕೆ ಈ ಗಡಿಬಿಡಿಯಲ್ಲಿ ತಡವಾಗಿ, ಜನ ಕಿಕ್ಕಿರಿದಿದ್ದರು. ಹೊಳೆ ಮೆಟ್ಟಿಲ ಮೇಲೆ ಎರಡು ನಿಮಿಷ ಕಾಲು ನೆನೆಸಿಕೊಂಡು ಹೊರಟೆವು. ಗುಂಬಜ್ ತೋಟದ ನೆರಳಿನಲ್ಲಿ ಚಪಾತಿ ತಿಂದೆವು.

ಸಂಗಮದಲ್ಲಿ ಎರಡೂ ಕವಲು ಕೂಡುತ್ತವೆ. ಇಲ್ಲಿಗೆ ಬರುವ ಮುನ್ನ ಕೆಆರ್‌ಎಸ್‌ನಿಂದ ಎಷ್ಟು ನೀರು ಬಿಡುತ್ತಿದ್ದಾರೆ ಅಂತ ಬೆಳಗಿನ ಪೇಪರ್ ನೋಡಿಕೊಳ್ಳಿ. ಹಿಂದೊಮ್ಮೆ ಆಗಸ್ಟಿನಲ್ಲಿ ಒಬ್ಬನೇ ಬಂದಾಗ ಮೆಟ್ಟಿಲೆಲ್ಲ ಮುಳುಗಿ ಹೊಳೆ ಕೆಂಪಗೆ ಭೋರ್ಗರೆಯುತ್ತಿತ್ತು, ಪೊಲೀಸರು ದೂರದಲ್ಲೇ ತಡೆದರು. ಜನವರಿಯಲ್ಲಿ ನೀರು ಶಾಂತ. ಹಾಗಂತ ಮಕ್ಕಳನ್ನು ಇಳಿಸಬೇಡಿ. ಬಂಡೆ ಪಾಚಿ ಕಟ್ಟಿರುತ್ತದೆ, ಸುಳಿ ಮೇಲೆ ಕಾಣುವುದಿಲ್ಲ.

ವಾಪಸ್ ಬರುವ ದಾರಿಯಲ್ಲಿ ಹೊಳೆ ಅಷ್ಟಾಗಿ ಕಾಣುವುದಿಲ್ಲ. ಗದ್ದೆ, ಕಬ್ಬು, ತೆಂಗು. ಪೇಟೆಗೆ ಬಂದು ಕಬ್ಬಿನ ಹಾಲು ಕುಡಿದೆವು. ಮೀಟರ್ 14 ಕಿಲೋಮೀಟರ್ ತೋರಿಸುತ್ತಿತ್ತು. ಏರು ಅನ್ನುವಂಥದ್ದು ಎಲ್ಲೂ ಇಲ್ಲ, ಗೇರಿಲ್ಲದ ಸೈಕಲ್ಲೂ ಸಾಕು.

ಕೊನೆಗೆ ಪಶ್ಚಿಮವಾಹಿನಿಗೆ ಹೋದೆವು. ಪೂರ್ವಕ್ಕೆ ಹರಿಯುವ ಕಾವೇರಿ ಇಲ್ಲಿ ಪಶ್ಚಿಮಕ್ಕೆ ತಿರುಗುತ್ತಾಳೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮ ಬಿಟ್ಟ ಜಾಗಗಳಲ್ಲಿ ಇದೂ ಒಂದು. ದಡದಲ್ಲಿ ಯಾರದೋ ಮನೆಯವರು ಅಸ್ಥಿ ಬಿಡುತ್ತಿದ್ದರು. ಸೈಕಲ್ಲುಗಳನ್ನು ದೂರದಲ್ಲೇ ಮರಕ್ಕೆ ಒರಗಿಸಿದೆವು. ಮಗಳು ಕೇಳದೆಯೇ ಚಪ್ಪಲಿ ಬಿಚ್ಚಿದಳು. ಅವರ ಕೆಲಸ ಮುಗಿಯುವ ತನಕ ಅಲ್ಲೇ ನಿಂತಿದ್ದು, ಆಮೇಲೆ ಕಾರಿನ ಕಡೆಗೆ ಹೊರಟೆವು.