ಮೆಚ್ಚಿನ ಸಂಗೀತಗಾರರ ಮುಖವನ್ನು ಪೆನ್ಸಿಲ್ಲಿನಲ್ಲಿ ಬರೆಯುವ ಬಗೆ

ಮೆಚ್ಚಿನ ಗಾಯಕರ ಅಥವಾ ವಾದಕರ ಭಾವಚಿತ್ರ ಬರೆಯಲು ಕುಳಿತ ಎಳೆಯ ಕಲಾವಿದರಿಗೆ ಒಂದು ಅನುಕೂಲವೂ ಒಂದು ತೊಡಕೂ ಒಟ್ಟಿಗೇ ಎದುರಾಗುತ್ತವೆ. ಪ್ರೀತಿಯ ಮುಖವಾದ್ದರಿಂದ ಗಂಟೆಗಟ್ಟಲೆ ಕುಳಿತು ಕೆಲಸ ಮಾಡುವ ತಾಳ್ಮೆ ತಾನಾಗಿಯೇ ಬರುತ್ತದೆ. ಆದರೆ ಆ ಮುಖ ತನಗೆ ಚೆನ್ನಾಗಿ ಗೊತ್ತು ಎಂಬ ನಂಬಿಕೆಯಿಂದಲೇ ಕೈಯು ಎದುರಿಗಿರುವ ಫೋಟೊವನ್ನು ಬಿಟ್ಟು ಮನಸ್ಸಿನಲ್ಲಿರುವ ರೂಪವನ್ನು ಬರೆಯತೊಡಗುತ್ತದೆ. ಕಣ್ಣುಗಳು ದೊಡ್ಡದಾಗುತ್ತವೆ, ಮೂಗು ತೆಳ್ಳಗಾಗುತ್ತದೆ, ಸುಕ್ಕುಗಳು ಮಾಯವಾಗುತ್ತವೆ, ಕೊನೆಗೆ ಬೇರೆ ಯಾರದೋ ಚೆಂದದ ಮುಖವೊಂದು ಕಾಗದದ ಮೇಲೆ ಉಳಿಯುತ್ತದೆ. ಹೋಲಿಕೆ ಕೂಡಬೇಕಾದರೆ ಕಾಣುವುದನ್ನು ಮಾತ್ರ ಬರೆಯುವ ಶಿಸ್ತು ಬೇಕು.

ಆ ಶಿಸ್ತು ಫೋಟೊ ಆರಿಸುವಾಗಲೇ ಶುರುವಾಗುತ್ತದೆ. ವೇದಿಕೆಯ ಮೇಲೆ ತೆಗೆದ ಫೋಟೊಗಳು ಆಕರ್ಷಕವಾಗಿ ಕಂಡರೂ ಅವುಗಳಲ್ಲಿ ಬಣ್ಣಬಣ್ಣದ ದೀಪಗಳು ನಾಲ್ಕಾರು ದಿಕ್ಕಿನಿಂದ ಬಿದ್ದು ನೆರಳುಗಳು ಒಂದರೊಳಗೊಂದು ಕಲಸಿಹೋಗಿರುತ್ತವೆ, ಮೈಕು ಬಾಯಿಯ ಅರ್ಧವನ್ನು ಮರೆಮಾಡಿರುತ್ತದೆ. ಒಂದೇ ಬದಿಯಿಂದ ಬೆಳಕು ಬಿದ್ದ, ಕಣ್ಣ ರೆಪ್ಪೆಯವರೆಗೂ ಸ್ಪಷ್ಟವಾಗಿ ಕಾಣುವ ದೊಡ್ಡ ಫೋಟೊ ಮೊದಲ ಪ್ರಯತ್ನಗಳಿಗೆ ಹೆಚ್ಚು ಸೂಕ್ತ. ನೇರ ಫ್ಲಾಶ್ ಬೆಳಕಿನ ಫೋಟೊ ಮುಖವನ್ನು ಚಪ್ಪಟೆಯಾಗಿಸುತ್ತದೆ, ಚರ್ಮವನ್ನು ನುಣುಪಾಗಿಸುವ ಫಿಲ್ಟರ್ ಹಾಕಿದ ಫೋಟೊದಲ್ಲಿ ಬರೆಯಬೇಕಾದ ವಿವರವೇ ಅಳಿಸಿಹೋಗಿರುತ್ತದೆ. ಇವೆರಡನ್ನೂ ಕೈಬಿಡುವುದು ಒಳ್ಳೆಯದು. ಆರಿಸಿದ ಫೋಟೊವನ್ನು ಕಪ್ಪುಬಿಳುಪಿಗೆ ಬದಲಾಯಿಸಿಕೊಂಡರೆ ಬಣ್ಣದ ಮೋಸ ತಪ್ಪುತ್ತದೆ.

ಆ ಫೋಟೊ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿದ ಪ್ರತಿಯೇ ಎಂಬುದನ್ನೂ ನೋಡಬೇಕು. ಪಿಟೀಲಿನ ಕಮಾನು ಸಾಮಾನ್ಯವಾಗಿ ಬಲಗೈಯಲ್ಲಿರುತ್ತದೆ, ಹಾಗಿಲ್ಲದಿದ್ದರೆ ಫೋಟೊವನ್ನು ಅನುಮಾನಿಸಬಹುದು. ಆದರೆ ಗಿಟಾರ್ ವಾದಕರ ವಿಷಯದಲ್ಲಿ ಅವಸರದ ತೀರ್ಮಾನ ಸಲ್ಲದು. ಜಿಮಿ ಹೆಂಡ್ರಿಕ್ಸ್ ಬಲಗೈಯವರಿಗಾಗಿ ಮಾಡಿದ ಗಿಟಾರನ್ನೇ ತಿರುಗಿಸಿ ಹಿಡಿದು ಎಡಗೈಯಲ್ಲಿ ನುಡಿಸುತ್ತಿದ್ದರು, ಪಾಲ್ ಮೆಕಾರ್ಟ್ನಿ ಕೂಡ ಎಡಗೈ ವಾದಕರು. ಅವರ ಚಿತ್ರವನ್ನು ಯಾರಾದರೂ "ಸರಿಪಡಿಸಿ" ಬರೆದರೆ ಅಭಿಮಾನಿಗಳು ನೋಡಿದ ಕೂಡಲೇ ಗುರುತಿಸುತ್ತಾರೆ.

ಸಾಮಗ್ರಿಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಫ್ರಾನ್ಸಿನ ನಿಕೊಲಾ ಜಾಕ್ ಕೊಂಟೆ 1795ರಲ್ಲಿ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಟ್ಟು ಪೆನ್ಸಿಲ್ಲಿನ ಕಡ್ಡಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಮಣ್ಣು ಹೆಚ್ಚಾದಷ್ಟೂ ಗಟ್ಟಿ ಮತ್ತು ತಿಳಿ ಗೆರೆ, ಗ್ರಾಫೈಟ್ ಹೆಚ್ಚಾದಷ್ಟೂ ಮೆದು ಮತ್ತು ಕಪ್ಪು ಗೆರೆ ಎಂಬ ಲೆಕ್ಕ ಇಂದಿಗೂ ಅದೇ. ಪೆನ್ಸಿಲ್ಲಿನ ಮೇಲಿನ ಎಚ್ ಎಂದರೆ ಗಟ್ಟಿ, ಬಿ ಎಂದರೆ ಮೆದು ಮತ್ತು ಕಪ್ಪು; 2ಎಚ್, ಎಚ್‌ಬಿ, 2ಬಿ, 4ಬಿ, 6ಬಿ ಇದ್ದರೆ ಮುಖವೊಂದಕ್ಕೆ ಬೇಕಾದದ್ದೆಲ್ಲ ಇದ್ದಂತೆ. ಕಾಗದ 150ರಿಂದ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ದಪ್ಪದ್ದಾಗಿರಲಿ, ಅದರ ಮೇಲ್ಮೈ ತುಸುವೇ ತರಿಯಾಗಿರಲಿ. ತೀರಾ ನುಣುಪಾದ ಕಾಗದ ಪದರದ ಮೇಲೆ ಪದರ ಹಿಡಿಯುವುದಿಲ್ಲ, ತೀರಾ ಒರಟಾದದ್ದು ಚರ್ಮದ ತುಂಬ ಬಿಳಿ ಚುಕ್ಕಿಗಳನ್ನು ಬಿಡುತ್ತದೆ. ಗ್ರಾಫೈಟನ್ನು ಎಷ್ಟು ಒತ್ತಿದರೂ ಅದು ಬೆಳಕಿಗೆ ಮಿನುಗುತ್ತದೆಯೇ ಹೊರತು ಕಡುಕಪ್ಪಾಗುವುದಿಲ್ಲ. ಕಪ್ಪು ಕೋಟಿಗೋ ಹಿನ್ನೆಲೆಗೋ ಇದ್ದಿಲ ಪೆನ್ಸಿಲ್ ಬಳಸುವ ಯೋಚನೆಯಿದ್ದರೆ ಆ ಜಾಗವನ್ನು ಮೊದಲೇ ಬಿಟ್ಟಿಟ್ಟುಕೊಳ್ಳಬೇಕು, ಏಕೆಂದರೆ ಗ್ರಾಫೈಟಿನ ಜಾರು ಪದರದ ಮೇಲೆ ಇದ್ದಿಲು ಸರಿಯಾಗಿ ಕೂರುವುದಿಲ್ಲ.

ಎ4 ಹಾಳೆಯಲ್ಲಿ ಗದ್ದದಿಂದ ನೆತ್ತಿಯವರೆಗೆ 15 ಸೆಂಟಿಮೀಟರಿನಷ್ಟು ಜಾಗ ಕೊಟ್ಟರೆ ಕಣ್ಣಿನ ವಿವರಗಳಿಗೆ ಅವಕಾಶ ಸಿಗುತ್ತದೆ. ನೇರವಾಗಿ ನೋಡುತ್ತಿರುವ ಮುಖದಲ್ಲಿ ಕಣ್ಣುಗಳು ನೆತ್ತಿಗೂ ಗದ್ದಕ್ಕೂ ಸರಿಸುಮಾರು ನಡುವೆ ಇರುತ್ತವೆ, ತಲೆಯ ಅಗಲ ಸುಮಾರು ಐದು ಕಣ್ಣುಗಳಷ್ಟಿರುತ್ತದೆ, ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣಿನಷ್ಟು ಅಂತರವಿರುತ್ತದೆ. ಕಲಿಯುವವರಲ್ಲಿ ಹೆಚ್ಚಿನವರು ಕಣ್ಣುಗಳನ್ನು ತೀರಾ ಮೇಲೆ ಇಡುತ್ತಾರೆ. ಹಣೆಗೂ ಕೂದಲಿಗೂ ಸಲ್ಲಬೇಕಾದ ಜಾಗವನ್ನು ಕಣ್ಣು, ಮೂಗು, ಬಾಯಿಗಳೇ ನುಂಗಿಬಿಡುತ್ತವೆ. ಆದರೆ ಇವೆಲ್ಲ ಸರಾಸರಿ ಅಳತೆಗಳು, ಹೋಲಿಕೆಯಿರುವುದು ಸರಾಸರಿಯಿಂದ ಈ ಮುಖ ಎಲ್ಲಿ ಬೇರೆಯಾಗುತ್ತದೆ ಎಂಬುದರಲ್ಲಿ. ಫೋಟೊದ ಮೇಲೆ 2 ಸೆಂಟಿಮೀಟರಿನ ಚೌಕಗಳನ್ನೆಳೆದು, ಕಾಗದದ ಮೇಲೆ 4 ಸೆಂಟಿಮೀಟರಿನ ಚೌಕಗಳಲ್ಲಿ ತೆಳುವಾಗಿ ಬರೆದರೆ ಎರಡು ಪಟ್ಟು ದೊಡ್ಡ ಚಿತ್ರ ಸಿಗುತ್ತದೆ, ಅದರಲ್ಲಿ ನಾಚಿಕೆಪಡಬೇಕಾದದ್ದು ಏನೂ ಇಲ್ಲ. ಚೌಕದ ಜೊತೆಗೆ ಕಣ್ಣಿನ ಒಳಮೂಲೆಯಿಂದ ನೇರ ಕೆಳಗೆ ಗೆರೆ ಎಳೆದರೆ ಅದು ಮೂಗಿನ ಹೊಳ್ಳೆಯ ಎಲ್ಲಿಗೆ ತಾಕುತ್ತದೆ, ಬಾಯಿಯ ತುದಿ ಪಾಪೆಯಿಂದ ಎಷ್ಟು ಒಳಗಿದೆ ಎಂದು ಕಣ್ಣಳತೆಯಲ್ಲೇ ನೋಡುತ್ತಾ ಹೋದರೆ ಕೆಲವೇ ಚಿತ್ರಗಳ ನಂತರ ಚೌಕಗಳ ಅವಲಂಬನೆ ಕಡಿಮೆಯಾಗುತ್ತದೆ.

ಹಾಡುತ್ತಿರುವ ಮುಖ ಈ ಅಳತೆಗಳನ್ನೆಲ್ಲ ಅಲ್ಲಾಡಿಸುತ್ತದೆ. ದವಡೆ ಕೆಳಗಿಳಿದಾಗ ಮುಖದ ಕೆಳಭಾಗ ಉದ್ದವಾಗಿ, ಕಣ್ಣುಗಳು ಅರ್ಧಕ್ಕಿಂತ ಮೇಲಿರುವಂತೆ ಕಾಣುತ್ತವೆ. ಅದನ್ನು ತಪ್ಪೆಂದು ತಿದ್ದಬಾರದು. ಏರುದನಿಯಲ್ಲಿ ಕಿವಿಯ ಹಿಂದಿನಿಂದ ಕತ್ತಿನ ಬುಡದವರೆಗೆ ಓರೆಯಾಗಿ ಇಳಿಯುವ ಸ್ನಾಯು ಬಿಗಿದು ನಿಲ್ಲುತ್ತದೆ. ಜಾಝ್ ತುತ್ತೂರಿ ವಾದಕ ಡಿಜ್ಜಿ ಗಿಲೆಸ್ಪಿಯವರ ಉಬ್ಬಿದ ಕೆನ್ನೆಗಳನ್ನು ತಗ್ಗಿಸಿ ಬರೆದರೆ ಅವರೇ ಅಲ್ಲಿರುವುದಿಲ್ಲ. ಕಣ್ಣು ಮುಚ್ಚಿ ಹಾಡುವವರನ್ನು ಬರೆಯುವಾಗ ರೆಪ್ಪೆ ಕೂಡಿದ ಗೆರೆಯನ್ನು ಕಣ್ಣುಗುಡ್ಡೆಯ ಉಬ್ಬಿಗೆ ತಕ್ಕಂತೆ ಕೆಳಕ್ಕೆ ಬಾಗಿಸಿ, ಹುಬ್ಬುಗಳ ನಡುವಿನ ಸಣ್ಣ ಬಿಗಿತವನ್ನು ಬಿಡದೆ ಹಿಡಿಯಬೇಕು. ಆ ಬಿಗಿತವಿಲ್ಲದಿದ್ದರೆ ಗಾಯಕರು ನಿದ್ದೆ ಹೋದಂತೆ ಕಾಣುತ್ತಾರೆ.

ಗೆರೆಗಳ ಕೆಲಸ ಮುಗಿದ ಮೇಲೆ ಅವುಗಳನ್ನು ಆದಷ್ಟು ಮರೆಯಬೇಕು. ಮುಖದಲ್ಲಿ ನಿಜವಾಗಿ ಗೆರೆಗಳಿಲ್ಲ, ಇರುವುದು ಕತ್ತಲು ಬೆಳಕಿನ ಆಕಾರಗಳು. ಕಣ್ಣನ್ನು ಅರೆಮುಚ್ಚಿ ಫೋಟೊ ನೋಡಿದರೆ ವಿವರಗಳು ಕರಗಿ ಕಡುನೆರಳು, ನಡುಛಾಯೆ, ಬೆಳಕು ಎಂಬ ಮೂರು ಭಾಗಗಳಷ್ಟೇ ಉಳಿಯುತ್ತವೆ. ಮೊದಲು ನೆರಳಿನ ಇಡೀ ಆಕಾರವನ್ನು 2ಬಿಯಲ್ಲಿ ತೆಳುವಾಗಿ ತುಂಬಿ, ಪೆನ್ಸಿಲ್ಲನ್ನು ಓರೆಯಾಗಿ ಹಿಡಿದು ಪದರದ ಮೇಲೆ ಪದರವಾಗಿ ಗಾಢಗೊಳಿಸುತ್ತಾ ಹೋಗಬೇಕು. ಅತಿ ಕಪ್ಪು ಜಾಗವನ್ನು, ಅಂದರೆ ಪಾಪೆ, ಮೂಗಿನ ಹೊಳ್ಳೆ, ತುಟಿಗಳು ಕೂಡುವ ಗೆರೆ ಇವುಗಳಲ್ಲಿ ಒಂದನ್ನು ಆರಂಭದಲ್ಲೇ ಪೂರ್ತಿ ಕಪ್ಪಾಗಿಸಿಕೊಂಡರೆ ಉಳಿದ ಛಾಯೆಗಳನ್ನು ತೂಗಿ ನೋಡಲು ಆಧಾರ ಸಿಗುತ್ತದೆ. ಅಂಜಿಕೆಯಿಂದ ಇಡೀ ಚಿತ್ರವನ್ನು ಬೂದುಬಣ್ಣದಲ್ಲೇ ಬಿಡುವವರು ಹೆಚ್ಚು. ನನ್ನ ಮಟ್ಟಿಗೆ ಇದು ವಕ್ರ ಗೆರೆಗಿಂತ ದೊಡ್ಡ ದೋಷ.

ಕಣ್ಣಿನ ಬಿಳಿ ಎನ್ನುವ ಭಾಗ ಬಿಳಿಯಲ್ಲ, ಮೇಲಿನ ರೆಪ್ಪೆಯ ನೆರಳು ಅದರ ಮೇಲೆ ಬೀಳುತ್ತದೆ. ಕಾಗದದ ಬಿಳಿಯನ್ನು ಹಾಗೆಯೇ ಉಳಿಸಬೇಕಾದದ್ದು ಪಾಪೆಯ ಬಳಿ ಹೊಳೆಯುವ ಬೆಳಕಿನ ಚುಕ್ಕಿಯಲ್ಲಿ, ಬೆವರಿನ ಮಿನುಗಿನಲ್ಲಿ. ಹಲ್ಲುಗಳ ನಡುವೆ ಗೆರೆ ಎಳೆದರೆ ಬಾಯಿ ಬಾಚಣಿಗೆಯಂತಾಗುತ್ತದೆ. ಹಲ್ಲಿನ ಸಾಲನ್ನು ಒಂದೇ ಆಕಾರವಾಗಿ ಕಂಡು, ವಸಡಿನ ಅಂಚಿನಲ್ಲಷ್ಟೇ ಬೇರ್ಪಡಿಸಿದರೆ ಸಾಕು. ಕೂದಲನ್ನೂ ಎಳೆ ಎಳೆಯಾಗಿ ಆರಂಭಿಸದೆ ಮೊದಲು ರಾಶಿಯಾಗಿ ತುಂಬಿ, ಕೊನೆಗೆ ಅಂಚಿನಲ್ಲಿ ಕೆಲವೇ ಎಳೆಗಳನ್ನು ಬಿಡಿಸಬೇಕು. ಬೆರಳಿನಿಂದ ಉಜ್ಜಿದರೆ ಚರ್ಮದ ಎಣ್ಣೆ ಕಾಗದಕ್ಕೆ ಹತ್ತಿ ಕಲೆಯಾಗಿ ಉಳಿಯುತ್ತದೆ, ಆದ್ದರಿಂದ ಮೆದು ಟಿಶ್ಯೂ ಅಥವಾ ಸುತ್ತಿದ ಕಾಗದದ ಕಡ್ಡಿ ಬಳಸುವುದು ಮೇಲು, ಅದನ್ನೂ ಮಿತವಾಗಿ. ಅಂಗೈ ಕೆಳಗೆ ಸದಾ ಒಂದು ಬಿಡಿ ಹಾಳೆಯಿರಲಿ.

ಬಿಳಿ ಗಡ್ಡಕ್ಕೂ ವಾದ್ಯದ ತಂತಿಗೂ ಒಂದು ಉಪಾಯವಿದೆ. ಛಾಯೆ ತುಂಬುವ ಮೊದಲೇ ಮೊಂಡು ಸೂಜಿಯಿಂದಲೋ ಬರೆಯದ ಬಾಲ್‌ಪೆನ್ನಿನಿಂದಲೋ ಕಾಗದವನ್ನು ಹರಿಯದಂತೆ ಒತ್ತಿ ಗೀಚಿದರೆ, ಆಮೇಲೆ ಪೆನ್ಸಿಲ್ ಆ ಗೀಚಿನೊಳಗೆ ಇಳಿಯದೆ ಎಳೆಗಳು ಬೆಳ್ಳಗೆ ಉಳಿಯುತ್ತವೆ. ಹೀಗೆ ಗೀಚಿದ್ದನ್ನು ಅಳಿಸಲಾಗದು, ಆದ್ದರಿಂದ ಬೇರೆ ತುಂಡಿನ ಮೇಲೆ ಅಭ್ಯಾಸ ಮಾಡಿಕೊಳ್ಳಬೇಕು.

ವಾದ್ಯವನ್ನು ಮುಖದಷ್ಟೇ ಗೌರವದಿಂದ ಬರೆಯಬೇಕು. ಗಿಟಾರಿನ ಫ್ರೆಟ್‌ಗಳು, ಅಂದರೆ ಕತ್ತಿನ ಮೇಲಿನ ಅಡ್ಡಪಟ್ಟಿಗಳು, ವಾದ್ಯದ ದೇಹದ ಕಡೆಗೆ ಬಂದಂತೆ ಹತ್ತಿರವಾಗುತ್ತವೆ, ಹನ್ನೆರಡನೆಯದು ತಂತಿಯ ಉದ್ದದ ಸರಿಯರ್ಧದಲ್ಲಿರುತ್ತದೆ. ಪಿಯಾನೊದ ಕಪ್ಪು ಮನೆಗಳು ಎರಡು, ಮೂರು ಎಂಬ ಗುಂಪುಗಳಲ್ಲಿ ಬರುತ್ತವೆ. ತಬಲಾದ ಚರ್ಮದ ಮೇಲಿನ ಶಾಯಿ ಎಂಬ ಕಪ್ಪು ವೃತ್ತ ನಡುವಿನಲ್ಲಿದ್ದರೆ ಅದರ ಜೋಡಿಯಾದ ಡಗ್ಗಾದ ಶಾಯಿ ಒಂದು ಬದಿಗೆ ಸರಿದಿರುತ್ತದೆ. ಪಿಟೀಲಿಗೆ ನಾಲ್ಕು ತಂತಿ ಎಂದು ತಿಳಿದವರು ಟಿ. ಚೌಡಯ್ಯನವರನ್ನು ಬರೆಯುವಾಗ ಅವರು ರೂಪಿಸಿಕೊಂಡಿದ್ದ ಏಳು ತಂತಿಯ ಪಿಟೀಲನ್ನು ನೆನೆಯಬೇಕು. ಬೆರಳುಗಳು ತಂತಿಯನ್ನು ಒತ್ತಿದಲ್ಲಿ ತುದಿ ಚಪ್ಪಟೆಯಾಗುವುದನ್ನೂ ಗೆಣ್ಣು ಬಾಗುವುದನ್ನೂ ಬರೆದರೆ ವಾದಕರು ನುಡಿಸುತ್ತಿರುವಂತೆ ಕಾಣುತ್ತಾರೆ.

ಮುಗಿಯಿತು ಎನಿಸಿದಾಗ ಚಿತ್ರವನ್ನು ಕನ್ನಡಿಯಲ್ಲಿ ನೋಡಿದರೆ ಅಥವಾ ಫೋಟೊದ ಜೊತೆಗಿಟ್ಟು ಎರಡನ್ನೂ ತಲೆಕೆಳಗು ಮಾಡಿದರೆ ಕಣ್ಣಿಗೆ ಅಭ್ಯಾಸವಾಗಿಹೋದ ತಪ್ಪುಗಳು ಎದ್ದು ಕಾಣುತ್ತವೆ. ತಿದ್ದಲು ಹಿಟ್ಟಿನಂತೆ ನಾದಬಹುದಾದ ಮೆದು ರಬ್ಬರನ್ನು ಒತ್ತಿ ಎತ್ತಬೇಕು, ಉಜ್ಜಬಾರದು. ಎಲ್ಲ ತಿದ್ದುಪಡಿ ಮುಗಿದ ಮೇಲೆಯೇ ಗಾಳಿಯಾಡುವ ಜಾಗದಲ್ಲಿ, ಸುಮಾರು 30 ಸೆಂಟಿಮೀಟರ್ ದೂರದಿಂದ ಪೆನ್ಸಿಲ್ ಪುಡಿಯನ್ನು ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇಯನ್ನು ತೆಳುವಾಗಿ ಎರಡು ಬಾರಿ ಹಾಯಿಸಬಹುದು. ಅನಂತರ ರಬ್ಬರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಚೌಕಟ್ಟು ಹಾಕಿಸುವವರು ಗಾಜು ಚಿತ್ರಕ್ಕೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಇಡಿಸಬೇಕು. ಚಿತ್ರವನ್ನು ಹೊರಗೆ ತೋರಿಸುವುದಿದ್ದರೆ ಮೂಲ ಫೋಟೊ ತೆಗೆದವರ ಒಪ್ಪಿಗೆ ಕೇಳಿ, ಅವರ ಹೆಸರನ್ನು ತಮ್ಮ ಸಹಿಯ ಪಕ್ಕದಲ್ಲೋ ಹಿಂಬದಿಯಲ್ಲೋ ಬರೆಯುವುದು ನ್ಯಾಯ.